ಕ್ಯಾರವಾನ್ ಟ್ರೈಲರ್‌ಗೆ ಟೈರ್ ಆರಿಸುವ ಬಗೆ: ಮೊದಲು ತೂಕದ ಚೀಟಿ, ಆಮೇಲೆ ಟೈರ್ ಅಂಗಡಿ

ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವ ಕ್ಯಾರವಾನ್ ಟ್ರೈಲರ್‌ನ ಟೈರ್ ಒಡೆದಾಗ ಹತ್ತಿರ ಹೋಗಿ ನೋಡಿದರೆ, ಬಹಳ ಸಲ ಅದರ ಟ್ರೆಡ್ (ನೆಲಕ್ಕೆ ತಾಗುವ, ಗೆರೆ ಕೊರೆದ ಮೈ) ಅರ್ಧವೂ ಸವೆದಿರುವುದಿಲ್ಲ. ವರ್ಷಕ್ಕೆ ನಾಲ್ಕೈದು ಸಲ ಸಕಲೇಶಪುರಕ್ಕೋ ಹಂಪಿಗೋ ಹೋಗಿಬಂದು, ಉಳಿದ ತಿಂಗಳೆಲ್ಲ ಖಾಲಿ ಸೈಟಿನಲ್ಲಿ ಬಿಸಿಲಿಗೆ ನಿಂತಿರುವ ಗಾಡಿ ಅದು. ಸವೆಯಲು ಅವಕಾಶವೇ ಸಿಗುವುದಿಲ್ಲ. ಅದರ ಟೈರನ್ನು ಹಾಳುಮಾಡುವುದು ಹೆಚ್ಚಾದ ಭಾರ, ಕಡಿಮೆಯಾದ ಗಾಳಿ ಮತ್ತು ವಯಸ್ಸು. ಭಾರ ಹೆಚ್ಚಿದ್ದರೂ ಗಾಳಿ ಕಡಿಮೆಯಿದ್ದರೂ ಆಗುವುದು ಒಂದೇ: ಚಕ್ರದ ಪ್ರತಿ ಸುತ್ತಿಗೂ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಬೇಕಾದ್ದಕ್ಕಿಂತ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಒಳಗೆ ಬಿಸಿ ಹುಟ್ಟುತ್ತದೆ, ಆ ಬಿಸಿಗೆ ರಬ್ಬರ್ ಮತ್ತು ಒಳಗಿನ ಉಕ್ಕಿನ ಬೆಲ್ಟ್ ನಡುವಿನ ಹಿಡಿತ ಸಡಿಲವಾಗುತ್ತದೆ. ವಯಸ್ಸಾದ ರಬ್ಬರ್‌ನಲ್ಲಿ ಆ ಹಿಡಿತ ಮೊದಲೇ ದುರ್ಬಲವಾಗಿರುತ್ತದೆ. ಒಂದು ಮಧ್ಯಾಹ್ನ ಹಿರಿಯೂರು ದಾಟಿದ ಮೇಲೆ ಟ್ರೆಡ್ ಪಟ್ಟಿಯೇ ಕಿತ್ತುಕೊಂಡು ಹೋಗುವುದು ಹೀಗೆ. ಹೋಗುವಾಗ ಅದು ಮಡ್‌ಗಾರ್ಡನ್ನು, ನೀರಿನ ಪೈಪನ್ನು, ಬ್ರೇಕ್ ವೈರನ್ನು ಹರಿದುಕೊಂಡೇ ಹೋಗುತ್ತದೆ.

ಆದ್ದರಿಂದ ‘ಯಾವ ಕಂಪನಿಯ ಟೈರ್ ಒಳ್ಳೆಯದು?’ ಎಂಬ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲ ಪ್ರಶ್ನೆ: ನಿಮ್ಮ ಟ್ರೈಲರ್‌ನ ಒಂದೊಂದು ಚಕ್ರದ ಮೇಲೆ ಎಷ್ಟು ಕಿಲೋ ಕೂತಿದೆ? ಈ ಉತ್ತರ ಕೈಯಲ್ಲಿಲ್ಲದೆ ಬೆಂಗಳೂರಿನ ಜೆ.ಸಿ. ರಸ್ತೆಯ ಟೈರ್ ಅಂಗಡಿಗಳಿಗೆ ಹೋದರೆ, ಅಂಗಡಿಯವರು ಹಳೆ ಟೈರಿನ ಸೈಜ್ ನೋಡಿ ಅದೇ ಸೈಜಿನದನ್ನು ಕೊಡುತ್ತಾರೆ. ಹಳೆಯದೇ ತಪ್ಪು ಸೈಜಿನದಾಗಿದ್ದರೆ ತಪ್ಪು ಮುಂದುವರಿಯುತ್ತದೆ.

ತೂಕ ಹಾಕಿಸುವುದು

ಪೀಣ್ಯ, ಯಶವಂತಪುರದ ಎಪಿಎಂಸಿ ಸುತ್ತಮುತ್ತ, ನೆಲಮಂಗಲ, ಬೊಮ್ಮಸಂದ್ರ, ಹೀಗೆ ಲಾರಿ ಓಡಾಟ ಇರುವ ಕಡೆಯೆಲ್ಲ ವೇ ಬ್ರಿಡ್ಜ್ ಇದೆ. ಹೋಗುವ ಮುನ್ನ ಒಂದು ವಿಷಯ ವಿಚಾರಿಸಿಕೊಳ್ಳಿ: ಪ್ಲಾಟ್‌ಫಾರ್ಮ್ ನೆಲದ ಮಟ್ಟಕ್ಕೇ ಇದೆಯೋ, ಇಳಿಜಾರು ಹತ್ತಿ ಹೋಗಬೇಕೋ. ನಮಗೆ ಬೇಕಾದ್ದು ನೆಲಮಟ್ಟದ್ದು. ಹತ್ತಿ ಹೋಗುವ ಬಗೆಯದರಲ್ಲಿ ಟ್ರೈಲರ್‌ನ ಒಂದು ಭಾಗ ಮೇಲೆ, ಒಂದು ಭಾಗ ಕೆಳಗೆ ಆಗಿ ಗಾಡಿ ಓರೆಯಾಗುತ್ತದೆ. ಓರೆಯಾದರೆ ಭಾರ ಒಂದು ಕಡೆಗೆ ಸರಿದು ಬರುವ ಅಂಕಿ ಸುಳ್ಳಾಗುತ್ತದೆ.

ಖಾಲಿ ಟ್ರೈಲರ್ ತೂಗಿಸಿ ಪ್ರಯೋಜನವಿಲ್ಲ. ಪ್ರವಾಸಕ್ಕೆ ಹೊರಟಂತೆಯೇ ತುಂಬಿಸಿ. ನೀರಿನ ಟ್ಯಾಂಕ್ ಪೂರ್ತಿ ತುಂಬಿರಲಿ, 80 ಲೀಟರ್ ಎಂದರೆ 80 ಕಿಲೋ. ಮನೆಯ 14.2 ಕಿಲೋ ಗ್ಯಾಸ್ ಸಿಲಿಂಡರ್ ಒಂದು ಇಟ್ಟರೆ ಕಬ್ಬಿಣವೂ ಸೇರಿ ಸುಮಾರು 30 ಕಿಲೋ. ಬ್ಯಾಟರಿ, ಟೆಂಟ್, ಕುರ್ಚಿ ಮೇಜು, ಪಾತ್ರೆ, ಹಾಸಿಗೆ, ಐಸ್ ಬಾಕ್ಸ್, ಸ್ಟೆಪ್ನಿ ಎಲ್ಲ ಒಳಗಿರಲಿ. ಆಮೇಲೆ ಈ ಕ್ರಮದಲ್ಲಿ ತೂಗಿಸಿ:

1. ಟ್ರೈಲರ್ ಜೀಪಿಗೆ ಕಟ್ಟಿರುವಾಗಲೇ, ಟ್ರೈಲರ್‌ನ ಚಕ್ರಗಳು ಮಾತ್ರ ಪ್ಲಾಟ್‌ಫಾರ್ಮ್ ಮೇಲೆ, ಜೀಪು ಹೊರಗೆ. ಬರುವ ಅಂಕಿ ಆಕ್ಸಲ್ ಮೇಲಿನ ಭಾರ.

2. ಗಾಡಿಯನ್ನು ಪಕ್ಕಕ್ಕೆ ಸರಿಸಿ, ಟ್ರೈಲರ್‌ನ ಬಲಗಡೆಯ ಚಕ್ರ ಮಾತ್ರ ಪ್ಲಾಟ್‌ಫಾರ್ಮ್ ಮೇಲೆ ಬರುವಂತೆ ನಿಲ್ಲಿಸಿ. ಆ ಅಂಕಿಯನ್ನು ಮೊದಲ ಅಂಕಿಯಿಂದ ಕಳೆದರೆ ಎಡಗಡೆಯದು ಸಿಗುತ್ತದೆ. ಎರಡು ಆಕ್ಸಲ್ ಇದ್ದರೆ ಹಿಂದಿನ ಆಕ್ಸಲ್ ಒಂದನ್ನೇ ಮೇಲೆ ನಿಲ್ಲಿಸಿ ಇನ್ನೊಂದು ಚೀಟಿ ಮಾಡಿಸಿ.

3. ಕೊನೆಗೆ ಟ್ರೈಲರನ್ನು ಬಿಚ್ಚಿ, ಮುಂದಿನ ಜಾಕಿ ಚಕ್ರವೂ ಸೇರಿ ಪೂರ್ತಿ ಪ್ಲಾಟ್‌ಫಾರ್ಮ್ ಮೇಲೆ. ಇದು ಒಟ್ಟು ತೂಕ. ಒಟ್ಟು ತೂಕದಿಂದ ಮೊದಲ ಅಂಕಿಯನ್ನು ಕಳೆದರೆ ಉಳಿಯುವುದು ಕೊಂಡಿಯ ಮೇಲಿನ ಭಾರ.

ಲಾರಿ ತೂಗುವ ವೇ ಬ್ರಿಡ್ಜ್ ಸಾಮಾನ್ಯವಾಗಿ 10 ಕಿಲೋ ಲೆಕ್ಕದಲ್ಲಿ ಏರುತ್ತದೆ, ಹತ್ತಿಪ್ಪತ್ತು ಕಿಲೋ ಆಚೀಚೆ ಆಗಬಹುದು. ನಮ್ಮ ಕೆಲಸಕ್ಕೆ ಅಷ್ಟು ಸಾಕು. ಗಾಡಿ ಪಕ್ಕಕ್ಕೆ ಸರಿಸಿ ಅರ್ಧ ನಿಲ್ಲಿಸುತ್ತೇವೆ ಎಂದರೆ ಕೆಲವು ಕಡೆ ಆಪರೇಟರ್ ಒಪ್ಪುವುದಿಲ್ಲ. ಲಾರಿಗಳ ಸಾಲಿಲ್ಲದ ಹೊತ್ತಿನಲ್ಲಿ ಹೋಗಿ, ಮೂರು ಚೀಟಿಗೂ ಹಣ ಕೊಡುತ್ತೇವೆ ಎಂದು ಮೊದಲೇ ಹೇಳಿದರೆ ಕೆಲಸ ಸುಲಭ.

ಎರಡನೇ ಚೀಟಿಯನ್ನು ಬಿಡಬೇಡಿ. ಕ್ಯಾರವಾನ್ ಎಂದೂ ಎರಡೂ ಕಡೆ ಸಮ ಇರುವುದಿಲ್ಲ. ಅಡುಗೆ ಕಟ್ಟೆ, ಫ್ರಿಜ್, ನೀರಿನ ಟ್ಯಾಂಕ್ ಒಂದೇ ಬದಿಗೆ ಬಂದಿರುತ್ತವೆ, ಇನ್ನೊಂದು ಬದಿಯಲ್ಲಿ ಬಾಗಿಲಿನ ಖಾಲಿ ಜಾಗ. ನೂರು ಕಿಲೋ ವ್ಯತ್ಯಾಸ ಅಪರೂಪವೇನಲ್ಲ. ಒಡೆಯುವುದು ಹೆಚ್ಚು ಭಾರ ಹೊತ್ತ ಟೈರ್, ಸರಾಸರಿ ಭಾರದ್ದಲ್ಲ.

ಲೆಕ್ಕ

ಒಂದು ಉದಾಹರಣೆ ಹಿಡಿಯೋಣ. ಒಂದೇ ಆಕ್ಸಲ್‌ನ ಕ್ಯಾಂಪರ್, ಒಟ್ಟು 1,150 ಕಿಲೋ. ಆಕ್ಸಲ್ ಮೇಲೆ 1,030, ಕೊಂಡಿಯ ಮೇಲೆ 120. ಕೊಂಡಿಯ ಭಾರ ಒಟ್ಟು ತೂಕದ ಶೇ. 10ಕ್ಕಿಂತ ತುಸು ಹೆಚ್ಚಿದೆ, ಅದು ಸರಿಯಾಗಿದೆ. ಬಲಗಡೆ 560, ಎಡಗಡೆ 470.

ನಾವು ತೆಗೆದುಕೊಳ್ಳುವುದು 560. ಅದಕ್ಕೆ ಶೇ. 20 ಸೇರಿಸಿ: 672 ಕಿಲೋ. ಟೈರ್ ಇಷ್ಟನ್ನಾದರೂ ಹೊರಬೇಕು. ಅಮೆರಿಕದ ಕ್ಯಾರವಾನ್ ತಯಾರಕರ ಸಂಘ 2017ರಿಂದ ತನ್ನ ಸದಸ್ಯರಿಗೆ ಕಡ್ಡಾಯ ಮಾಡಿರುವ ಮೀಸಲು ಶೇ. 10. ನಮ್ಮ ರಸ್ತೆಯ ಹಂಪು ಗುಂಡಿಗಳಿಗೆ, ಬಳ್ಳಾರಿ ರಾಯಚೂರಿನ 40 ಡಿಗ್ರಿ ಬಿಸಿಲಿಗೆ ಅದು ಸಾಲದು ಎಂಬುದು ನಮ್ಮ ಅಭಿಪ್ರಾಯ; 20 ಇಟ್ಟುಕೊಳ್ಳಿ.

ಈಗ ಮಿನಿ ಟ್ರಕ್‌ಗಳಿಗೆ ಬರುವ, ಊರೂರಲ್ಲೂ ಸಿಗುವ ಸೈಜ್‌ಗಳನ್ನು ನೋಡೋಣ. ಟಾಟಾ ಏಸ್ ಬಳಸುವ 145 ಆರ್ 12, 8 ಪ್ಲೈ ರೇಟಿಂಗ್ (ಟೈರಿನ ಬಲದ ದರ್ಜೆ) ಇರುವುದರ ಲೋಡ್ ಇಂಡೆಕ್ಸ್ (ಟೈರ್ ಎಷ್ಟು ಭಾರ ಹೊರಬಲ್ಲದು ಎಂದು ಹೇಳುವ ಸಂಖ್ಯೆ) ಸಾಮಾನ್ಯವಾಗಿ 86, ಎಂದರೆ 530 ಕಿಲೋ. ಬಲಗಡೆಯ ಚಕ್ರಕ್ಕೆ ಇದು ಆಗಲೇ ಓವರ್‌ಲೋಡ್. 155 ಆರ್ 13, 8 ಪ್ಲೈ: ಇಂಡೆಕ್ಸ್ 90, 600 ಕಿಲೋ. ಹೊರುತ್ತದೆ, ಆದರೆ ಮೀಸಲು ಶೇ. 7 ಮಾತ್ರ. 165 ಆರ್ 14, 8 ಪ್ಲೈ: ಇಂಡೆಕ್ಸ್ 97, 730 ಕಿಲೋ. ನಮ್ಮ ಉದಾಹರಣೆಗೆ ಇದೇ ಸರಿ. ಮುಂದೆ ಮೇಲೊಂದು ಸೋಲಾರ್ ಪ್ಯಾನೆಲ್, ಹಿಂದೊಂದು ಬೈಕ್ ಸ್ಟ್ಯಾಂಡ್ ಸೇರಿಸುವ ಯೋಚನೆ ಇದ್ದರೆ 185 ಆರ್ 14, 8 ಪ್ಲೈ, ಇಂಡೆಕ್ಸ್ 102, 850 ಕಿಲೋ. ಇಂಡೆಕ್ಸ್ ಕಂಪನಿಯಿಂದ ಕಂಪನಿಗೆ ಒಂದೆರಡು ಅಂಕಿ ಬದಲಾಗಬಹುದು. ಕೈಯಲ್ಲಿರುವ ಟೈರಿನ ಮೇಲೆ ಬರೆದದ್ದೇ ಅಂತಿಮ.

ಭಾರ ತುಂಬ ಹೊರುವ ಟೈರ್ ಹಾಕಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಒಂದು ಮಿತಿಯವರೆಗೆ ಹೌದು. ಅದಾದ ಮೇಲೆ ಟೈರ್ ಕಲ್ಲಿನಂತೆ ಗಟ್ಟಿಯಾಗಿ, ಹಂಪಿನ ಏಟು ನೇರ ಟ್ರೈಲರ್ ಒಳಗಿನ ಕಪಾಟಿಗೆ, ಸ್ಕ್ರೂಗಳಿಗೆ, ಗ್ಯಾಸ್ ಪೈಪಿಗೆ ಹೋಗುತ್ತದೆ. ಶೇ. 20ರಿಂದ 40 ಮೀಸಲು ಇದ್ದರೆ ನೆಮ್ಮದಿ.

ಸೈಡ್‌ವಾಲ್ ಓದುವುದು

ಟೈರಿನ ಪಕ್ಕದಲ್ಲಿ ‘165 ಆರ್ 14 ಎಲ್‌ಟಿ 8ಪಿಆರ್ 97/95 ಆರ್’ ಎಂಬಂತೆ ಬರೆದಿರುತ್ತದೆ. 165 ಎಂದರೆ ಮಿಲಿಮೀಟರ್‌ನಲ್ಲಿ ಅಗಲ, ನಡುವಿನ ಆರ್ ಅಕ್ಷರ ರೇಡಿಯಲ್ (ಒಳಗಿನ ದಾರಗಳು ಅಡ್ಡಕ್ಕೆ ನೇರವಾಗಿರುವ ಬಗೆ), 14 ಇಂಚಿನಲ್ಲಿ ರಿಮ್‌ನ ವ್ಯಾಸ, ಎಲ್‌ಟಿ ಎಂದರೆ ಲಘು ಟ್ರಕ್ಕಿನ ಟೈರ್. 8ಪಿಆರ್ ಎಂದರೆ ಒಳಗೆ ಎಂಟು ಪದರ ಇದೆ ಎಂದಲ್ಲ, ಹಳೆ ಕಾಲದ ಎಂಟು ಪದರದ ಟೈರಿನಷ್ಟು ಬಲ ಇದೆ ಎಂದು. ವಿದೇಶಿ ಟ್ರೈಲರ್ ಟೈರ್‌ಗಳಲ್ಲಿ ಇದನ್ನೇ ಲೋಡ್ ರೇಂಜ್ ಎನ್ನುತ್ತಾರೆ: ಸಿ ಎಂದರೆ 6, ಡಿ ಎಂದರೆ 8, ಇ ಎಂದರೆ 10.

97/95ರಲ್ಲಿ ಮೊದಲನೆಯದು ಚಕ್ರ ಒಂಟಿಯಾಗಿದ್ದಾಗ, ಎರಡನೆಯದು ಲಾರಿಯಂತೆ ಜೋಡಿ ಚಕ್ರ ಹಾಕಿದಾಗ. ಟ್ರೈಲರ್‌ನಲ್ಲಿ ಒಂದರ ಹಿಂದೆ ಒಂದು ಎರಡು ಆಕ್ಸಲ್ ಇದ್ದರೂ ಅವು ಒಂಟಿ ಚಕ್ರಗಳೇ, ಆದ್ದರಿಂದ ಮೊದಲ ಅಂಕಿಯನ್ನೇ ಹಿಡಿಯಿರಿ. ಕೊನೆಯ ಅಕ್ಷರ ವೇಗದ್ದು: ಜೆ 100, ಎಲ್ 120, ಎಂ 130, ಎನ್ 140, ಕ್ಯೂ 160, ಆರ್ 170 ಕಿ.ಮೀ. ಟ್ರೈಲರ್ ಎಳೆದುಕೊಂಡು 80ರ ಮೇಲೆ ಹೋಗಬಾರದು ಎನ್ನುವವರೇ ನಾವು, ಹಾಗಿದ್ದರೂ ಎನ್ ಅಥವಾ ಅದಕ್ಕಿಂತ ಮೇಲಿನದನ್ನು ಆರಿಸಲು ಹೇಳುತ್ತೇವೆ. ವೇಗದ ಅಕ್ಷರ ಮೇಲಿದ್ದಷ್ಟೂ ಆ ಟೈರ್ ಬಿಸಿ ತಡೆಯಬಲ್ಲದು ಎಂದರ್ಥ, ನಮಗೆ ಬೇಕಾದ್ದು ಆ ಗುಣ.

ತಯಾರಾದ ದಿನ ತಿಳಿಯಲು ಅಂಡಾಕಾರದ ಚೌಕಟ್ಟಿನಲ್ಲಿರುವ ನಾಲ್ಕು ಅಂಕಿ ನೋಡಿ. 1425 ಎಂದಿದ್ದರೆ 2025ನೇ ಇಸವಿಯ 14ನೇ ವಾರ. ಬಹಳ ಟೈರ್‌ಗಳಲ್ಲಿ ಇದು ಒಂದೇ ಬದಿಯಲ್ಲಿರುತ್ತದೆ, ಆ ಬದಿ ಒಳಗಡೆಗೆ ಹೋಗಿದ್ದರೆ ಟಾರ್ಚ್ ಹಿಡಿದು ಟ್ರೈಲರ್ ಅಡಿಗೆ ತೂರಬೇಕಾಗುತ್ತದೆ. ಹೊಸ ಟೈರ್ ಹಾಕಿಸುವಾಗ ತಾರೀಖಿನ ಬದಿ ಹೊರಗೆ ಬರಲಿ ಎಂದು ಹೇಳಿಬಿಡಿ. ಐಎಸ್‌ಐ ಗುರುತೂ ಇರಬೇಕು; ಕಾರಿನ ಟೈರ್‌ಗೆ ಐಎಸ್ 15633, ಟ್ರಕ್ ಮತ್ತು ಲಘು ಟ್ರಕ್ ಟೈರ್‌ಗೆ ಐಎಸ್ 15636.

ಯಾವ ಜಾತಿಯ ಟೈರ್?

ಅಮೆರಿಕದಲ್ಲಿ ಟ್ರೈಲರ್‌ಗೆಂದೇ ಮಾಡಿದ ಎಸ್‌ಟಿ ಟೈರ್‌ಗಳಿವೆ. ಅವುಗಳ ಸೈಡ್‌ವಾಲ್ ಗಟ್ಟಿ, ಟ್ರೈಲರ್ ಓಲಾಡುವುದು ಕಡಿಮೆ. ಅಲ್ಲಿಂದ ತರಿಸಿದ ಕ್ಯಾರವಾನ್ ನಿಮ್ಮಲ್ಲಿದ್ದರೆ ಅದರ ಮೇಲೆ ಎಸ್‌ಟಿ 205/75 ಆರ್ 14 ಅಥವಾ ಎಸ್‌ಟಿ 225/75 ಆರ್ 15 ಎಂದು ಇರುವ ಸಾಧ್ಯತೆ ಹೆಚ್ಚು. ಎರಡನೆಯದು ಲೋಡ್ ರೇಂಜ್ ಡಿ ಆಗಿದ್ದರೆ 65 ಪಿಎಸ್‌ಐ ಗಾಳಿಯಲ್ಲಿ 2,540 ಪೌಂಡ್, ಸುಮಾರು 1,150 ಕಿಲೋ ಹೊರುತ್ತದೆ. ಇ ಆಗಿದ್ದರೆ 80 ಪಿಎಸ್‌ಐಯಲ್ಲಿ 2,830 ಪೌಂಡ್, ಸುಮಾರು 1,280 ಕಿಲೋ. ವೇಗದ ಅಕ್ಷರವೇ ಇಲ್ಲದ ಹಳೆ ಎಸ್‌ಟಿ ಟೈರ್‌ಗಳಿಗೆ ಗಂಟೆಗೆ 65 ಮೈಲಿ, ಅಂದರೆ 104 ಕಿ.ಮೀ. ಮಿತಿ.

ಬೆಂಗಳೂರಿನಲ್ಲಿ ಇವು ಸಿಗುವುದು ಕಷ್ಟ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್‌ಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು, ಲೈಸೆನ್ಸ್ ಇಲ್ಲದೆ ತರಿಸುವಂತಿಲ್ಲ. ಎಲ್ಲೋ ಹಳೆ ಸ್ಟಾಕ್ ಸಿಕ್ಕಿತು ಎಂದರೆ ತಾರೀಖು ನೋಡಿ; ಗೋಡೌನಿನಲ್ಲಿ ಐದು ವರ್ಷ ಕೂತ ‘ಹೊಸ’ ಟೈರ್ ಅರ್ಧ ಆಯುಷ್ಯಕ್ಕಿಂತ ಹೆಚ್ಚು ಕಳೆದುಕೊಂಡಿರುತ್ತದೆ.

ನಮ್ಮ ಊರಿಗೆ ಸರಿಹೊಂದುವುದು ಎಲ್‌ಟಿ, ಅಂದರೆ ಮಿನಿ ಟ್ರಕ್ ಮತ್ತು ವ್ಯಾನ್‌ಗಳ ರೇಡಿಯಲ್ ಟೈರ್. ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ ಎಲ್ಲರೂ ಮಾಡುತ್ತಾರೆ. ದಿನಾ ಭಾರ ಹೊತ್ತು ಓಡಲೆಂದೇ ಕಟ್ಟಿದವು ಇವು. ಇನ್ನೊಂದು ದೊಡ್ಡ ಲಾಭ: ಚಳ್ಳಕೆರೆಯಲ್ಲೋ ಕಾರ್ಕಳದಲ್ಲೋ ಟೈರ್ ಹೋದರೆ ಸಂಜೆಯೊಳಗೆ ಇನ್ನೊಂದು ಸಿಗುತ್ತದೆ. ಸಿಗದ ಸೈಜಿನ ಅತ್ಯುತ್ತಮ ಟೈರಿಗಿಂತ ಸಿಗುವ ಸೈಜಿನ ಒಳ್ಳೆಯ ಟೈರ್ ಪ್ರವಾಸದ ಗಾಡಿಗೆ ಮೇಲು.

ಕಾರಿನ ಟೈರ್ ಹಾಕಬಹುದೇ? ಹಗುರವಾದ, 500 ಕಿಲೋ ಒಳಗಿನ ಪುಟ್ಟ ಟ್ರೈಲರ್‌ಗೆ ಪರವಾಗಿಲ್ಲ, ಆದರೆ ಬರೆದಿರುವ ಭಾರವನ್ನು 1.1ರಿಂದ ಭಾಗಿಸಿ ಲೆಕ್ಕ ಹಿಡಿಯಿರಿ. ಕಾರಿನ ಟೈರ್ ಟ್ರೈಲರ್‌ಗೆ ಹಾಕಿದಾಗ ಅಮೆರಿಕದ ನಿಯಮ ಹೇಳುವುದು ಇದನ್ನೇ. 615 ಕಿಲೋ ಎಂದಿದ್ದರೆ 559. ಜೊತೆಗೆ ಅದರ ಸೈಡ್‌ವಾಲ್ ಮೃದು, ಎತ್ತರದ ಕ್ಯಾರವಾನ್ ಅಡ್ಡಗಾಳಿಗೆ ಹೆಚ್ಚು ಓಲಾಡುತ್ತದೆ.

ನೈಲಾನ್ ಟೈರ್ (ಒಳಗಿನ ದಾರಗಳನ್ನು ಓರೆಯಾಗಿ ಹಾಕಿದ ಹಳೆ ಬಗೆ) ಅಗ್ಗ, ಸೈಡ್‌ವಾಲ್ ಗಟ್ಟಿ, ಹೊಲದ ದಾರಿಗೆ ಒಳ್ಳೆಯದು. ಹೈವೇಯಲ್ಲಿ ಗಂಟೆಗಟ್ಟಲೆ ಓಡಿದರೆ ರೇಡಿಯಲ್‌ಗಿಂತ ಹೆಚ್ಚು ಬಿಸಿಯಾಗುತ್ತದೆ, ನಿಂತಲ್ಲಿ ಬೇಗ ಚಪ್ಪಟೆ ಕೂರುತ್ತದೆ. ದೂರದ ಪ್ರವಾಸಕ್ಕೆ ಬೇಡ. ಎರಡನ್ನೂ ಒಂದೇ ಆಕ್ಸಲ್‌ಗಂತೂ ಖಂಡಿತ ಬೆರೆಸಬೇಡಿ. ರೀಟ್ರೆಡ್ ಮಾಡಿಸಿದ್ದು, ಸೆಕೆಂಡ್ ಹ್ಯಾಂಡ್ ಟೈರ್ ಎರಡೂ ಬೇಡ.

ಟ್ರೆಡ್ ವಿಷಯಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಟ್ರೈಲರ್ ಚಕ್ರ ಎಳೆಯುವುದಿಲ್ಲ, ಉರುಳುತ್ತದೆ ಅಷ್ಟೇ. ಉದ್ದುದ್ದ ಗೆರೆಗಳ ಹೈವೇ ಮಾದರಿ ತಣ್ಣಗೆ ಓಡುತ್ತದೆ. ಜೀಪಿಗೆ ಒಪ್ಪಲಿ ಎಂದು ದಪ್ಪ ದಪ್ಪ ಗುಬಟಿನ ಮಡ್ ಟೈರ್ ಹಾಕಿದರೆ ಶಬ್ದ, ಬಿಸಿ ಎರಡೂ ಹೆಚ್ಚು.

ರಿಮ್, ವಾಲ್ವ್, ಜಾಗ

ಟೈರ್ ಒಳ್ಳೆಯದಾಗಿ ರಿಮ್ ದುರ್ಬಲವಾಗಿದ್ದರೆ ಪ್ರಯೋಜನವಿಲ್ಲ. ರಿಮ್‌ಗೂ ಭಾರದ ಮಿತಿ, ಗಾಳಿಯ ಮಿತಿ ಇದೆ. ಕಾರಿನ ರಿಮ್ ಸುಮಾರು 35 ಪಿಎಸ್‌ಐ ಗಾಳಿಯ ಬಳಕೆಗೆ ಮಾಡಿದ್ದು; ಅದಕ್ಕೆ 65 ಪಿಎಸ್‌ಐ ಬೇಡುವ 8 ಪ್ಲೈ ಟೈರ್ ಏರಿಸಿ ಗಾಳಿ ತುಂಬಿಸುವುದು ಅಪಾಯ. ರಿಮ್ ಯಾವ ಗಾಡಿಯದು, ಆ ಗಾಡಿಯ ಟೈರಿನ ಲೋಡ್ ಇಂಡೆಕ್ಸ್ ಎಷ್ಟು ಎಂದು ನೋಡಿದರೆ ಅದರ ಯೋಗ್ಯತೆ ತಿಳಿಯುತ್ತದೆ. ಸೈಜ್ ಬದಲಿಸುವಾಗ ರಿಮ್‌ನ ಅಗಲ ಆ ಟೈರಿಗೆ ಹೊಂದುತ್ತದೆಯೇ ಎಂದು ಟೈರ್ ಕಂಪನಿಯ ಪಟ್ಟಿಯಲ್ಲಿ ಖಚಿತಪಡಿಸಿಕೊಳ್ಳಿ.

ವಾಲ್ವ್ ಬಗ್ಗೆ ಯಾರೂ ಯೋಚಿಸುವುದಿಲ್ಲ. ಕಾರಿನ ಟ್ಯೂಬ್‌ಲೆಸ್ ಚಕ್ರಕ್ಕೆ ಬರುವ ಸಾಮಾನ್ಯ ರಬ್ಬರ್ ವಾಲ್ವ್ ತಡೆಯುವುದು 65 ಪಿಎಸ್‌ಐವರೆಗೆ. ನಿಮ್ಮ ಟೈರಿನ ಗಾಳಿ ಅದರ ಹತ್ತಿರ ಬಂದರೆ ನಟ್ ಹಾಕಿ ಬಿಗಿಯುವ ಲೋಹದ ವಾಲ್ವ್ ಹಾಕಿಸಿ. ಗಾಳಿ ಅಳೆಯುವ ಸೆನ್ಸರನ್ನು ವಾಲ್ವ್ ಮೂತಿಗೆ ತಿರುಪುವವರಿಗಂತೂ ಲೋಹದ್ದೇ ಬೇಕು; ಚಕ್ರ ತಿರುಗುವಾಗ ಸೆನ್ಸರ್‌ನ ತೂಕಕ್ಕೆ ರಬ್ಬರ್ ವಾಲ್ವ್ ಬಾಗಿ ಬಾಗಿ ಬುಡದಲ್ಲಿ ಸೀಳುತ್ತದೆ. ಟೈರ್ ಬದಲಿಸುವಾಗೆಲ್ಲ ವಾಲ್ವ್ ಹೊಸದಾಗಲಿ.

ದೊಡ್ಡ ಟೈರಿಗೆ ಹೋಗುವವರು ಟೇಪ್ ಹಿಡಿದು ಜಾಗ ಅಳೆಯಿರಿ. ಪೂರ್ತಿ ಭಾರ ತುಂಬಿ, ಪಟ್ಟಿ (ಲೀಫ್ ಸ್ಪ್ರಿಂಗ್) ಪೂರ್ತಿ ಕುಗ್ಗಿದಾಗಲೂ ಟೈರಿನ ಮೇಲೆ ಮಡ್‌ಗಾರ್ಡ್‌ಗೆ ಅಂತರ ಉಳಿಯಬೇಕು. ನಿಂತಾಗ 75 ಮಿ.ಮೀ. ಆದರೂ ಇರಲಿ. ಎರಡು ಆಕ್ಸಲ್ ಇದ್ದರೆ ಮುಂದಿನ ಹಿಂದಿನ ಟೈರ್‌ಗಳ ನಡುವೆಯೂ ಅಷ್ಟೇ ಎಚ್ಚರ.

ಅಂಗಡಿಯಲ್ಲಿ

ಒಂದು ಆಕ್ಸಲ್‌ನ ಎರಡೂ ಟೈರ್ ಒಂದೇ ಕಂಪನಿ, ಒಂದೇ ಮಾದರಿ, ಹತ್ತಿರದ ತಾರೀಖಿನದಾಗಿರಲಿ. ಎರಡು ಆಕ್ಸಲ್ ಆದರೆ ನಾಲ್ಕೂ. ಸ್ಟೆಪ್ನಿಯೂ ಅದೇ ಸೈಜ್, ಅದೇ ಪ್ಲೈ. ಆರು ತಿಂಗಳಿಗಿಂತ ಹಳೆಯದಲ್ಲದ್ದನ್ನು ಕೇಳಿ. ಒಂದು ವರ್ಷ ದಾಟಿದ್ದರೆ ಬೇಡ ಎನ್ನಿ, ಅಂಗಡಿಯವರು ಗೋಡೌನಿನಿಂದ ಬೇರೆ ತರಿಸಿಕೊಡುತ್ತಾರೆ. ಬಿಲ್‌ನಲ್ಲಿ ಪ್ರತಿ ಟೈರಿನ ಸೀರಿಯಲ್ ನಂಬರ್ ಬರೆಸಿ, ಟ್ರೈಲರ್‌ಗೆ ಹಾಕಿದರೆ ವಾರಂಟಿ ನಿಲ್ಲುತ್ತದೆಯೇ ಎಂದು ಅಲ್ಲೇ ಕೇಳಿಕೊಳ್ಳಿ.

ಟ್ರೈಲರ್‌ಗೆ ಬ್ಯಾಲೆನ್ಸಿಂಗ್ ಯಾಕೆ, ಸ್ಟಿಯರಿಂಗ್ ಅದುರುವುದಿಲ್ಲವಲ್ಲ ಎನ್ನುವವರಿದ್ದಾರೆ. ಅದುರುವುದು ನಿಮ್ಮ ಕೈಗೆ ತಿಳಿಯುವುದಿಲ್ಲ ಅಷ್ಟೇ, ಬೇರಿಂಗ್‌ಗೆ ತಿಳಿಯುತ್ತದೆ. ಮಾಡಿಸಿ. ನೈಟ್ರೋಜನ್‌ಗೆ ದುಡ್ಡು ಕೊಡಬೇಕಾದ ಅಗತ್ಯವಿಲ್ಲ, ನೀರಿನ ಅಂಶವಿಲ್ಲದ ಸಾಮಾನ್ಯ ಗಾಳಿ ಸಾಕು.

ನಟ್‌ಗಳನ್ನು ಏರ್ ಗನ್‌ನಲ್ಲಿ ಬಿಗಿದು ಕಳಿಸಲು ಬಿಡಬೇಡಿ. ನಕ್ಷತ್ರದ ಕ್ರಮದಲ್ಲಿ, ಅಂದರೆ ಒಂದು ನಟ್ ಆದ ಮೇಲೆ ಎದುರಿನದು, ಕೈಯಿಂದ ಬಿಗಿದು, ಕೊನೆಗೆ ಟಾರ್ಕ್ ರೆಂಚ್‌ನಲ್ಲಿ ಆಕ್ಸಲ್ ತಯಾರಕರು ಹೇಳಿದ ಅಂಕಿಗೆ ತನ್ನಿ. ಟ್ರೈಲರ್‌ನ ನಟ್‌ಗಳು ಕಾರಿನದಕ್ಕಿಂತ ಬೇಗ ಸಡಿಲವಾಗುತ್ತವೆ. ಬೆಂಗಳೂರಿನಿಂದ ಹೊರಟವರು ಕುಣಿಗಲ್ ಅಥವಾ ತುಮಕೂರಿನ ಕಾಫಿಗೆ ನಿಂತಾಗ ಒಮ್ಮೆ, ಮಧ್ಯಾಹ್ನದ ಊಟಕ್ಕೆ ನಿಂತಾಗ ಇನ್ನೊಮ್ಮೆ ಬಿಗಿತ ನೋಡಿದರೆ ಸರಿಹೋಗುತ್ತದೆ.

ಗಾಳಿ

ಎಸ್‌ಟಿ ಟೈರ್ ಆದರೆ ಸೈಡ್‌ವಾಲ್ ಮೇಲೆ ಬರೆದ ಗರಿಷ್ಠ ಗಾಳಿಯನ್ನೇ ತುಂಬಿ. ಎಲ್‌ಟಿ ಆದರೆ ಕಂಪನಿಯ ಭಾರ-ಗಾಳಿ ಪಟ್ಟಿಯಲ್ಲಿ ನಿಮ್ಮ ಅತಿ ಭಾರದ ಚಕ್ರಕ್ಕೆ ಶೇ. 20 ಸೇರಿಸಿದ ಅಂಕಿಗೆ ಎಷ್ಟು ಬೇಕೋ ಅಷ್ಟು. ಪಟ್ಟಿ ಸಿಗದಿದ್ದರೆ ಬರೆದ ಗರಿಷ್ಠವೇ ಸುರಕ್ಷಿತ. ಎಡ ಬಲ ಎರಡಕ್ಕೂ ಒಂದೇ ಗಾಳಿ. 730 ಕಿಲೋ ಎಂದು ಬರೆದಿರುವುದು 65 ಪಿಎಸ್‌ಐ ಇದ್ದಾಗ. ಅದೇ ಟೈರಿಗೆ 50 ತುಂಬಿದರೆ ಹೊರುವ ಶಕ್ತಿಯಲ್ಲಿ ಸುಮಾರು ಐದನೇ ಒಂದು ಭಾಗ ಕಳೆದುಹೋಗುತ್ತದೆ, ನೀವು ಜತನದಿಂದ ಲೆಕ್ಕ ಹಾಕಿ ಇಟ್ಟ ಮೀಸಲು ಅಲ್ಲಿಗೆ ಮುಗಿಯಿತು. ಪಂಕ್ಚರ್ ಅಂಗಡಿಯ ಹುಡುಗ ಅಭ್ಯಾಸದಿಂದ 35 ಹೊಡೆದು ಕಳಿಸುವುದು ಈ ಊರಿನ ಅತಿ ಸಾಮಾನ್ಯ ತಪ್ಪು. ಅಂಕಿಯನ್ನು ಮಡ್‌ಗಾರ್ಡ್ ಮೇಲೆ ಬಣ್ಣದಲ್ಲಿ ಬರೆಸಿಬಿಡಿ.

ಅಳತೆ ಯಾವಾಗಲೂ ಟೈರ್ ತಣ್ಣಗಿದ್ದಾಗ, ಗಾಡಿ ನಿಂತು ಮೂರು ಗಂಟೆಯಾದರೂ ಆದ ಮೇಲೆ. ಬೆಳಗ್ಗೆ 20 ಡಿಗ್ರಿಯಲ್ಲಿ 65 ತುಂಬಿ ಹೊರಟರೆ, ಮಧ್ಯಾಹ್ನ ಒಳಗಿನ ಗಾಳಿ 55 ಡಿಗ್ರಿಗೆ ಬಂದಾಗ ಮೀಟರ್ 74 ತೋರಿಸುತ್ತದೆ. ಅದು ಸಹಜ, ಟೈರ್ ಅದಕ್ಕೆಂದೇ ಕಟ್ಟಿದ್ದು. ಹೆಚ್ಚಾಯಿತೆಂದು ಆಗ ಗಾಳಿ ಬಿಟ್ಟರೆ ಸಂಜೆ ತಣ್ಣಗಾದಾಗ ಕಡಿಮೆ ಬೀಳುತ್ತದೆ. ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವವರಿಗೆ ಇನ್ನೊಂದು ಸಣ್ಣ ವಿಷಯ: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಕರಾವಳಿಯಲ್ಲಿ ಹೊರಗಿನ ವಾಯುಭಾರ ಹೆಚ್ಚು, ಮೀಟರ್‌ನಲ್ಲಿ ಸುಮಾರು ಒಂದೂವರೆ ಪಿಎಸ್‌ಐ ಕಡಿಮೆ ಕಾಣುತ್ತದೆ. ಅಲ್ಲಿನ ಸೆಕೆ ಅದನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ. ಟೈರ್ ಸೋರುತ್ತಿದೆ ಎಂದು ಗಾಬರಿಯಾಗಬೇಕಿಲ್ಲ.

ನಿಮ್ಮದೇ ಒಂದು ಒಳ್ಳೆಯ ಮೀಟರ್, 100 ಪಿಎಸ್‌ಐವರೆಗೆ ಹೊಡೆಯಬಲ್ಲ 12 ವೋಲ್ಟ್ ಕಂಪ್ರೆಸರ್ ಗಾಡಿಯಲ್ಲಿರಲಿ.

ದಾರಿಯಲ್ಲಿ

ಗಾಳಿ ಮತ್ತು ಬಿಸಿ ತೋರಿಸುವ ಟಿಪಿಎಂಎಸ್ ಹಾಕಿಸುವುದನ್ನು ನಾವು ಖರ್ಚು ಎಂದು ನೋಡುವುದೇ ಇಲ್ಲ. ಎರಡು ಆಕ್ಸಲ್‌ನ ಟ್ರೈಲರ್‌ನಲ್ಲಿ ಒಂದು ಟೈರ್ ಚಪ್ಪಟೆಯಾದರೆ ಮುಂದೆ ಕೂತವರಿಗೆ ಏನೂ ಗೊತ್ತಾಗುವುದಿಲ್ಲ, ಹಿಂದಿನ ಬಸ್ಸಿನವರು ಹಾರ್ನ್ ಹೊಡೆದು ಹೇಳಬೇಕು. ಕಡಿಮೆ ಗಾಳಿಯ ಎಚ್ಚರಿಕೆಯನ್ನು ತಣ್ಣಗಿನ ಅಂಕಿಗಿಂತ ಶೇ. 10 ಕೆಳಗೆ, ಹೆಚ್ಚಿನದನ್ನು ಶೇ. 25 ಮೇಲೆ, ಬಿಸಿಯ ಎಚ್ಚರಿಕೆಯನ್ನು 70 ಡಿಗ್ರಿಗೆ ಇಡಿ. ಉದ್ದದ ಕ್ಯಾರವಾನ್ ಆದರೆ ಸಿಗ್ನಲ್ ಮುಂದಕ್ಕೆ ತಲುಪಿಸಲು ರಿಪೀಟರ್ ಬೇಕಾಗುತ್ತದೆ.

ಅದಿಲ್ಲದವರು ನಿಂತಾಗೆಲ್ಲ ಟೈರ್ ಮತ್ತು ಹಬ್ (ಬೇರಿಂಗ್ ಇರುವ ಚಕ್ರದ ನಡುಭಾಗ) ಹತ್ತಿರ ಕೈಯ ಹಿಂಬದಿ ಒಡ್ಡಿ ನೋಡಿ. ಒಂದು ಟೈರ್ ಮಾತ್ರ ಜೊತೆಯದಕ್ಕಿಂತ ಬಿಸಿಯಾಗಿದ್ದರೆ ಗಾಳಿ ಕಡಿಮೆ. ಟೈರ್ ಸರಿಯಾಗಿದ್ದು ಹಬ್ ಸುಡುತ್ತಿದ್ದರೆ ಬೇರಿಂಗ್ ಒಣಗಿದೆ, ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ.

ಎರಡು ಆಕ್ಸಲ್‌ನವರು ಕಿರಿದಾದ ತಿರುವಿನಲ್ಲಿ ಬಹಳ ನಿಧಾನ. ಆಗುಂಬೆಯಂಥ ಹೇರ್‌ಪಿನ್ ತಿರುವುಗಳಲ್ಲಿ, ಪಾರ್ಕಿಂಗ್‌ನಲ್ಲಿ ಹಿಂದಕ್ಕೆ ತಿರುಗಿಸುವಾಗ, ಮುಂದಿನ ಮತ್ತು ಹಿಂದಿನ ಟೈರ್‌ಗಳು ಒಂದಕ್ಕೊಂದು ವಿರುದ್ಧವಾಗಿ ಅಡ್ಡಕ್ಕೆ ಉಜ್ಜುತ್ತವೆ. ಒಳಗಿನ ಬೆಲ್ಟ್‌ಗಳನ್ನು ಎಳೆದಾಡಿ ಸಡಿಲಿಸುವುದು ಇದೇ. ಆದಷ್ಟು ದೊಡ್ಡ ಸುತ್ತು ತೆಗೆದುಕೊಳ್ಳಿ.

ಸವೆತ ನೋಡಿ ಕಾರಣ ಹೇಳಬಹುದು. ನಡುವೆ ಸವೆದರೆ ಗಾಳಿ ಹೆಚ್ಚು. ಎರಡೂ ಅಂಚು ಸವೆದರೆ ಗಾಳಿ ಕಡಿಮೆ ಅಥವಾ ಭಾರ ಹೆಚ್ಚು. ಒಂದೇ ಅಂಚು ಸವೆದರೆ ಗುಂಡಿಗೆ ಬಿದ್ದು ಆಕ್ಸಲ್ ಬಾಗಿದೆ ಅಥವಾ ಓರೆಯಾಗಿ ಕೂತಿದೆ. ಕೊಂಡಿಯ ನಡುಬಿಂದುವಿನಿಂದ ಆಕ್ಸಲ್‌ನ ಎರಡು ತುದಿಗಳಿಗೆ ಟೇಪ್ ಹಿಡಿದರೆ ವ್ಯತ್ಯಾಸ 3 ಮಿ.ಮೀ. ಮೀರಬಾರದು. ಅಲ್ಲಲ್ಲಿ ಬಟ್ಟಲಿನ ಹಾಗೆ ಸವೆದರೆ ಬ್ಯಾಲೆನ್ಸಿಂಗ್ ಅಥವಾ ಬೇರಿಂಗ್ ಸಡಿಲ. ಟ್ರೆಡ್ ಮೇಲೆ ಎಲ್ಲಾದರೂ ಉಬ್ಬು ಕೈಗೆ ಸಿಕ್ಕಿದರೆ ಬೆಲ್ಟ್ ಬಿಟ್ಟಿದೆ, ಆ ಟೈರ್ ಇನ್ನು ಒಂದು ಕಿಲೋಮೀಟರೂ ಓಡಬಾರದು.

ನಿಂತಿರುವಾಗ

ರಬ್ಬರ್‌ನಲ್ಲಿ ಬಿಸಿಲು ಮತ್ತು ಓಝೋನ್‌ನಿಂದ ಕಾಪಾಡುವ ಮೇಣದಂಥ ಅಂಶ ಬೆರೆಸಿರುತ್ತಾರೆ. ಟೈರ್ ಓಡಿ ಬಾಗಿದಾಗ ಅದು ಒಳಗಿನಿಂದ ಮೇಲ್ಮೈಗೆ ಬರುತ್ತದೆ. ನಿಂತ ಟೈರ್‌ನಲ್ಲಿ ಬರುವುದಿಲ್ಲ, ಆದ್ದರಿಂದಲೇ ನಿಂತ ಗಾಡಿಯ ಟೈರ್ ಬೇಗ ಬಿರುಕು ಬಿಡುತ್ತದೆ. ತಿಂಗಳಿಗೊಮ್ಮೆಯಾದರೂ ನೈಸ್ ರಸ್ತೆಯಲ್ಲೋ ಹೊರವಲಯದಲ್ಲೋ ಇಪ್ಪತ್ತು ಕಿಲೋಮೀಟರ್ ಎಳೆದು ತನ್ನಿ. ನಿಲ್ಲಿಸುವಾಗ ಗಾಳಿ ಪೂರ್ತಿ ಇರಲಿ, ಟೈರ್ ಅಡಿಗೆ ಮರದ ಹಲಗೆ ಇರಲಿ, ಬಿಸಿಲು ಬೀಳುವ ಬದಿಗೆ ಬಿಳಿ ಕವರ್ ಹಾಕಿ. ಸಾಧ್ಯವಾದರೆ ಚಾಸಿಗೆ ಸ್ಟ್ಯಾಂಡ್ ಕೊಟ್ಟು ಭಾರ ಇಳಿಸಿ. ಹೊಳಪಿಗೆಂದು ಪೆಟ್ರೋಲಿಯಂ ಎಣ್ಣೆಯ ಟೈರ್ ಪಾಲಿಷ್ ಹಚ್ಚಬೇಡಿ, ಆ ಮೇಣವನ್ನೇ ಅದು ತೊಳೆದುಬಿಡುತ್ತದೆ.

ಯಾವಾಗ ಬದಲಿಸುವುದು

ಟ್ರೆಡ್‌ನ ತಗ್ಗಿನಲ್ಲಿರುವ 1.6 ಮಿ.ಮೀ. ಗುರುತಿಗೆ ಸವೆದು ಬಂದರೆ ಕಾನೂನು ಪ್ರಕಾರವೂ ಮುಗಿಯಿತು. ಆದರೆ ಟ್ರೈಲರ್‌ನಲ್ಲಿ ಅಲ್ಲಿಯವರೆಗೆ ಹೋಗುವುದೇ ಅಪರೂಪ. ತಯಾರಾದ ತಾರೀಖಿನಿಂದ ಮೂರು ವರ್ಷದ ಮೇಲೆ ಪ್ರತಿ ಬೇಸಿಗೆಗೆ ಮುನ್ನ ಚಕ್ರ ಎತ್ತಿ, ತಿರುಗಿಸಿ, ಒಳಬದಿಯನ್ನೂ ನೋಡಿ. ಐದು ವರ್ಷಕ್ಕೆ ಬದಲಿಸಲು ಹಣ ಎತ್ತಿಡಿ. ಆರು ದಾಟಿದ ಟೈರನ್ನು, ಎಷ್ಟೇ ಚೆನ್ನಾಗಿ ಕಂಡರೂ, ಹೈವೇಗೆ ತರಬೇಡಿ. ಸ್ಟೆಪ್ನಿಗೂ ಇದೇ ಲೆಕ್ಕ. ಒಂದು ದಿನವೂ ಓಡದಿದ್ದರೂ ಅದಕ್ಕೂ ವಯಸ್ಸಾಗುತ್ತದೆ.

ಎರಡು ಆಕ್ಸಲ್‌ನ ಟ್ರೈಲರ್‌ನಲ್ಲಿ ಒಂದು ಟೈರ್ ಒಡೆದರೆ, ಗಾಡಿ ನಿಲ್ಲುವವರೆಗೆ ಅದರ ಭಾರವನ್ನೂ ಹೊತ್ತದ್ದು ಅದೇ ಬದಿಯ ಇನ್ನೊಂದು ಟೈರ್. ಹೊರಗಿನಿಂದ ಏನೂ ಆಗಿಲ್ಲದಂತೆ ಕಾಣಬಹುದು. ರಿಮ್‌ನಿಂದ ಬಿಡಿಸಿ ಒಳಗಿನ ಗೋಡೆ ನೋಡಿಸಿ: ಸುತ್ತಲೂ ಕಪ್ಪು ಪುಡಿ ಉದುರುತ್ತಿದ್ದರೆ, ಸೈಡ್‌ವಾಲ್ ಒಳಮೈ ಸುಕ್ಕುಗಟ್ಟಿದ್ದರೆ ಅದೂ ಹೋಯಿತು. ನೋಡಿಸಲು ಆಗದ ಜಾಗದಲ್ಲಿದ್ದರೆ ಮುಂದಿನ ಊರಿನವರೆಗೆ 50ರ ಮೇಲೆ ಹೋಗಬೇಡಿ, ಅಲ್ಲಿ ಎರಡನ್ನೂ ಬದಲಿಸಿ.